ಭಾವನ ರಾಡಾರ್

ಭಾವ ತಮ್ಮ ಬಂದೂಕಿನ ತೋಟಾಗಳಿಗೆ ಮನೆಯಲ್ಲೇ ಮದ್ದು ತುಂಬುತ್ತಾರೆ. ರಜೆ ಬಂತೆಂದರೆ ಗುಂಡಿನ ವೇಗ ಅಳೆಯಲು ನನ್ನನ್ನೂ ಶೂಟಿಂಗ್ ರೇಂಜಿಗೆ ಎಳೆದು ತರುತ್ತಾರೆ. ಅವರು ಗುಂಡು ಹಾರಿಸಬೇಕು, ಪಕ್ಕದಲ್ಲಿಟ್ಟ ರಾಡಾರ್ ಪೆಟ್ಟಿಗೆ ತೋರಿಸಿದ ವೇಗವನ್ನು ನಾನು ಕೂಗಿ ಹೇಳಬೇಕು. ಕೂತು ಕೂತು ನನ್ನ ಸೊಂಟ ಬಿದ್ದುಹೋಗಿತ್ತು.

ಇಂದೂ ಅದೇ ರಾಗ. ಒಂದೇ ತೂಕದ ಮದ್ದು ತುಂಬಿದ್ದರೂ ಒಂದು ಗುಂಡು ಓಡುತ್ತದೆ, ಇನ್ನೊಂದು ತೆವಳುತ್ತದೆ.

“ಮದ್ದು ತೂಗೋ ತಕ್ಕಡೀನ ನಿಮ್ಮಕ್ಕ ಮತ್ತೆ ಮುಟ್ಟಿರ್ಬೇಕು,” ಎಂದರು ಭಾವ.

“ನೀವು ಕೂಗಾಡಿದ್ಮೇಲೆ ಅಕ್ಕ ಆ ಕೋಣೆಗೆ ಕಾಲೇ ಇಟ್ಟಿಲ್ಲ ಭಾವ.”

“ಹಾಗಾದ್ರೆ ತಕ್ಕಡಿಗೇನು ದೆವ್ವ ಹಿಡೀತಾ?”

ಅವರು ಮತ್ತೆ ಗುರಿ ಹಿಡಿದು ಟ್ರಿಗರ್ ಒತ್ತಿದರು. ಟಕ್ ಎಂದಿತು, ಅಷ್ಟೇ. ಗುಂಡು ಹಾರಲಿಲ್ಲ. ಅದೇ ಕ್ಷಣಕ್ಕೆ ಪಕ್ಕದ ಜಾಗದಲ್ಲಿದ್ದವನು ಢಮ್ಮೆನಿಸಿದ. ನಮ್ಮ ರಾಡಾರ್ ಮೇಲೆ ವೇಗ ಮೂಡಿತು. ರೂಢಿಬಲದಿಂದ ನಾನು ಅದನ್ನೂ ಕೂಗಿ ಹೇಳಿದೆ.

ಭಾವ ಬಂದೂಕನ್ನು ಗುರಿಯತ್ತಲೇ ಹಿಡಿದು ತಲೆಯನ್ನಷ್ಟೇ ನನ್ನ ಕಡೆ ತಿರುಗಿಸಿದರು. ರಾಡಾರಿನ ಮೂತಿ ಪಕ್ಕದವನತ್ತ ವಾಲಿತ್ತು. ಅದನ್ನು ಹಾಗೆ ಇಟ್ಟವರು ಅವರೇ; ನನಗೆ ಮುಟ್ಟಲೂ ಬಿಡುತ್ತಿರಲಿಲ್ಲ.

“ಇಷ್ಟು ದಿನಾನೂ ಅವರಿವರ ಗುಂಡು ನಮ್ಮ ಲೆಕ್ಕಕ್ಕೆ ಸೇರ್ಕೊಂಡಿದೆ ಭಾವ,” ಎಂದೆ.

ಅವರು ಒಂದು ಕೈಯಿಂದ ರಾಡಾರಿನ ಮೂತಿಯನ್ನು ಮೆಲ್ಲಗೆ ನೇರ ಮಾಡಿದರು. ಅಕ್ಕನ ಹತ್ತಿರ ತಪ್ಪಾಯ್ತು ಎಂದು ಹೇಗೆ ಹೇಳುವುದೆಂದು ಯೋಚಿಸುತ್ತಿದ್ದಾರೆ ಅಂದುಕೊಂಡೆ.

“ತಕ್ಕಡಿ ರಿಪೇರಿ ಆಯ್ತು ಅಂತ ನಿಮ್ಮಕ್ಕಂಗೆ ಹೇಳ್ಬಿಡು,” ಎಂದರು.