ತಣ್ಣಗಿರಬೇಕಾದವು

ಫ್ರಿಜ್ಜಿನ ಬಾಗಿಲು ಎಳೆದಾಗ ಒಳಗೆ ದೀಪ ಹತ್ತಲಿಲ್ಲ. ಅವಳು ಮುಚ್ಚಿ ಇನ್ನೊಮ್ಮೆ ಎಳೆದಳು. ಕೈ ಹಾಕಿ ಸೀಸೆಯೊಂದನ್ನು ಮುಟ್ಟಿದಳು. ಅದರ ತಂಪು ಇಳಿಯುತ್ತಿತ್ತು.

ಹೊರಗೆ, ಗಂಡನನ್ನು ಮಲಗಿಸಿದ್ದ ಗಾಜುಮುಚ್ಚಳದ ಶೀತಪೆಟ್ಟಿಗೆ ಗೊರ್ರೆನ್ನುತ್ತಿತ್ತು. ಅದರ ವೈರು ಹೊಸ್ತಿಲು ದಾಟಿ, ಫ್ರಿಜ್ಜಿನ ಪ್ಲಗ್ಗಿದ್ದ ಜಾಗಕ್ಕೇ ಬಂದಿತ್ತು.

"ನಾನೇ ತೆಗ್ದೆ ಅತ್ತಿಗೆ," ಎಂದ ಮೈದುನ. "ಎರಡೂ ಹಾಕಿದ್ರೆ ಫ್ಯೂಸ್ ಹೋಗುತ್ತೆ. ಹಾಲು ಎದುರುಮನೆಗೆ ಕೊಟ್ಟಿದ್ದೀನಿ. ಮಿಕ್ಕಿದ್ದು ಬರೀ ಕೆರೆನೀರು ತಾನೆ?"

ಅವಳು ಸೀಸೆಯನ್ನು ಕಿಟಕಿಗೆ ಹಿಡಿದಳು. ಕೆಲವು ಚುಕ್ಕೆಗಳು ತಳ ಸೇರಿದ್ದವು. ಕೆಲವು ಇನ್ನೂ ಕುಪ್ಪಳಿಸುತ್ತಿದ್ದವು.

* * *

ಮದುವೆಯಾದ ಹೊಸತು. ಜಾಗ ಸಾಲದೆಂದು ಅವಳು ಎರಡು ಸೀಸೆಗಳ ನೀರನ್ನು ಒಂದಕ್ಕೇ ಸುರಿದಿದ್ದಳು. ಎರಡರಲ್ಲೂ ಸಾಸಿವೆಗಿಂತ ಸಣ್ಣ ಅವೇ ಜೀವಗಳು, ಸಿಗಡಿಯ ದೂರದ ನೆಂಟರು. ಸಂಜೆ ಕಾಲೇಜಿನಿಂದ ಬಂದ ಗಂಡ ನೋಡಿ ಕುರ್ಚಿಯಲ್ಲಿ ಕುಸಿದ. ಬೈದಿದ್ದರೆ ವಾಸಿಯಿತ್ತು.

"ನೋಡೋಕೆ ಒಂದೇ ಥರ ಕಣೇ, ವಂಶ ಬೇರೆ. ಆ ಎರಡು ಕೆರೆ ಬೆಟ್ಟದ ನೆತ್ತೀಲಿ ಕೂಗಳತೆ ದೂರದಲ್ಲಿವೆ. ಆದ್ರೂ ಸಾವಿರಾರು ವರ್ಷದಿಂದ ಇವು ಒಂದರ ಮುಖ ಒಂದು ನೋಡಿಲ್ಲ. ನೀನು ಕೂತಲ್ಲೇ ಬೀಗತನ ಬೆಳೆಸಿಬಿಟ್ಟೆ."

ಮತ್ತೆ ಬೆಟ್ಟ ಹತ್ತುವಾಗ ಅವಳನ್ನೂ ಕರೆದೊಯ್ದ. ಒಂದು ಕೆರೆ ಬಿಟ್ಟು ಇನ್ನೊಂದಕ್ಕೆ ಹೋಗುವ ಮುಂಚೆ ಬಲೆ, ಬೂಟು ಎಲ್ಲ ಒಣಗಲೇಬೇಕು. ಒಂದು ಹನಿಯೂ ದಾಟಬಾರದು. ಅಲ್ಲಿಯವರೆಗೆ ಅವಳನ್ನು ಬರಿಗಾಲಲ್ಲಿ ಬಂಡೆಯ ಮೇಲೆ ಕೂರಿಸಿದ್ದ.

ಈಗ ಆ ಎರಡು ಕೆರೆಗಳೂ ಇಲ್ಲ. ಮೇಲೆ ರಸ್ತೆ ಹಾದಿದೆ. ಅಲ್ಲಿಯ ಜೀವ ಉಳಿದದ್ದು ಈ ಸೀಸೆಗಳಲ್ಲಿ ಮಾತ್ರ.

* * *

ಅವಳು ಕಾಲೇಜಿಗೆ ಫೋನು ಮಾಡಿದಳು. ಅವನ ಗೌರವಾರ್ಥ ರಜೆ ಕೊಟ್ಟು ಪ್ರಯೋಗಾಲಯಕ್ಕೆ ಬೀಗ ಹಾಕಿದ್ದರು. ಎದುರುಮನೆಯಾಕೆ, ಹಾಲು ಸರಿ, ಹುಳದ ಸೀಸೆ ಮಾತ್ರ ಬೇಡ ಎಂದಳು. ಕೊನೆಗೆ ಅವಳು, ಪೆಟ್ಟಿಗೆಯನ್ನು ಸ್ವಲ್ಪ ಹೊತ್ತು ಆರಿಸಬಹುದೇ ಎಂದು ಮೈದುನನ ಕಿವಿಯಲ್ಲಿ ಕೇಳಿದಳು. ಅದು ಗಂಡನ ಅಕ್ಕನಿಗೂ ಕೇಳಿಸಿತು.

"ಕಟ್ಟಿಕೊಂಡವನಿಗಿಂತ ಹುಳ ಹೆಚ್ಚಾಯ್ತಾ ನಿನಗೆ? ಸಂಜೆ ಮಗಳು ಬಂದು ಅಪ್ಪನ ಮುಖ ನೋಡೋದು ಬೇಡ್ವಾ?"

ಅವಳು ಒಳಗೆ ಹೋಗಿ ಬೀರು ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಅವನು ಬೆಟ್ಟಕ್ಕೆ ಹಾಕಿಕೊಳ್ಳುತ್ತಿದ್ದ ಉಣ್ಣೆಯ ಕಾಲುಚೀಲಗಳನ್ನೆಲ್ಲ ಹೊರಗೆಳೆದಳು. ನೀರು ಹೆಪ್ಪುಗಟ್ಟದಿರಲೆಂದು ಒಂದೊಂದು ಸೀಸೆಯನ್ನೂ ಒಂದೊಂದು ಕಾಲುಚೀಲಕ್ಕೆ ಅರ್ಧದವರೆಗೆ ತೂರಿಸಿ, ತಟ್ಟೆಯಲ್ಲಿ ಜೋಡಿಸಿ ತಂದಳು. ಕೂತವರು ಸರಿದು ದಾರಿ ಬಿಟ್ಟರು. ಅವಳು ಪೆಟ್ಟಿಗೆಯ ಮುಚ್ಚಳವೆತ್ತಿ ಅವುಗಳನ್ನು ಗಂಡನ ಪಾದಗಳ ಪಕ್ಕ ಇಟ್ಟಳು, ಒಂದಕ್ಕೊಂದು ತಾಗದಂತೆ.

"ಏನೇ ಇದು, ಜನ ಏನಂದಾರು?"

"ನಿಮ್ಮ ತಮ್ಮನಿಗೆ ಅಭ್ಯಾಸ ಇದೆ ಅಕ್ಕ," ಎಂದಳು. "ನಿಮಗಷ್ಟೇ ಹೊಸದು."

ಬಂದವರೆಲ್ಲ ಬಗ್ಗಿ ಮುಖ ನೋಡುತ್ತಿದ್ದರು, ಆಮೇಲೆ ಅವರ ಕಣ್ಣು ತಾನಾಗಿ ಕಾಲಿನತ್ತ ಜಾರುತ್ತಿತ್ತು. ಸಮಾಧಾನ ಹೇಳಲು ಅವಳನ್ನು ಹುಡುಕಿದರೆ ತಲೆದೆಸೆಯಲ್ಲಿ ಅವಳಿರಲಿಲ್ಲ. ಒಳಗೆ ಫ್ರಿಜ್ಜಿನ ಪಕ್ಕ, ಯಾರ ಕಾಲಾದರೂ ವೈರಿನಲ್ಲಿ ತೊಡರಿ ಕಿತ್ತುಬಂದೀತೆಂದು, ಪೆಟ್ಟಿಗೆಯ ಪ್ಲಗ್ಗನ್ನು ಅಂಗೈಯಲ್ಲಿ ಒತ್ತಿಹಿಡಿದು ಗೋಡೆಗೆ ಒರಗಿ ಕೂತಿದ್ದಳು.

ಮೈದುನ ಬಾಗಿಲಲ್ಲಿ ಬಂದು ನಿಂತ. ಗಾಜಿನ ಮೇಲಿನ ಮಂಜು ಒರೆಸಿ ಅವನ ಕರವಸ್ತ್ರ ಒದ್ದೆಯಾಗಿತ್ತು.

"ಅತ್ತಿಗೆ, ತಳದಲ್ಲಿದ್ದದ್ದು ಒಂದು ಕುಪ್ಪಳಿಸ್ತು."

ಅವಳು ತಲೆಯಾಡಿಸಿದಳು. ಕೈ ತೆಗೆಯಲಿಲ್ಲ.