ಹದಿನೇಳನೆಯ ಏಕಾದಶಿ

ಕರೆಂಟು ಕಂಬ, ಮತ್ತೊಂದು ಕಂಬ, ಮೂರನೆಯದರ ಮೇಲೆ ಕಾಗೆ — ಕಂಬ ಬಂದ ಕೂಡಲೇ ಕಣ್ಣನ್ನು ಅದರ ಹಿಂದೆ ಸರಕ್ಕನೆ ಹೊರಳಿಸಬೇಕು, ಹೊರಳಿಸಿ ನೋಡಬೇಕು, ತಲೆಯೊಳಗೆ ಝಣ್ ಅನ್ನುತ್ತದೋ ಇಲ್ಲವೋ, ಇಲ್ಲ, ಏನೂ ಇಲ್ಲ, ನಿನ್ನೆ ಎಂಟಕ್ಕೆ ನುಂಗಿದ ಕಾಲು ಗುಳಿಗೆ ಇನ್ನೂ ಕೈಬಿಟ್ಟಿಲ್ಲ, ಜೀಪಿನ ಕಿಟಕಿಗೆ ಹಣೆ ಹಚ್ಚಿಕೊಂಡು ಶುಭಾ ಕಂಬಗಳನ್ನು ಹಿಡಿಯುತ್ತ ಬಿಡುತ್ತ ಕೂತಿದ್ದಾಳೆ, ನಾರಾಯಣಪೇಟೆ ಬಿಟ್ಟು ಮುಕ್ಕಾಲು ಗಂಟೆಯಾಯಿತು, ಇನ್ನೇನು ಮಕ್ತಲ್, ಅದರಾಚೆ ಕೃಷ್ಣೆ, ರಾಯಚೂರು, ಮಂತ್ರಾಲಯ, ಇವತ್ತು ಪ್ರಥಮೇಕಾದಶಿ, ಮನೆಮಂದಿಯೆಲ್ಲ ಮುದ್ರೆ ಹಾಕಿಸಿಕೊಳ್ಳಲು ಹೊರಟಿದ್ದಾರೆ, ಕಾಯಿಸಿದ ಶಂಖಚಕ್ರ ತೋಳಿಗೆ ತಾಗುವಾಗ ಅವಳು ಎಂದೂ ಅಳುಕಿದವಳಲ್ಲ, ಅಳುಕು ಎಲ್ಲ ಸೆರಗಿನ ತುದಿಯ ಈ ಗಂಟಿನಲ್ಲಿದೆ, ಬೆರಳು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ, ಇದೆ, ಒಳಗಿದೆ, ಉದ್ದಿನಬೇಳೆಯ ಒಡಕಿನಷ್ಟು ಒಂದು ಚೂರು. ಮುಂದಿನ ಸೀಟಿನಲ್ಲಿ ಮಾವ ಜಯತೀರ್ಥಾಚಾರ್ಯರು, ಪಕ್ಕದಲ್ಲಿ ಅತ್ತೆ ಭೀಮಾಬಾಯಿ, ಆ ಬದಿಗೆ ಗಂಡ ವಾದೀಂದ್ರ, ಸ್ಟಿಯರಿಂಗ್ ಹಿಡಿದವನು ಹನುಮಂತು. ಮನೆಯಲ್ಲಾದರೆ ಎಂಟಕ್ಕೆ ಬಚ್ಚಲಿಗೆ ಹೋಗಿ ಕದ ಹಾಕಿಕೊಳ್ಳುತ್ತಿದ್ದಳು, ನಲ್ಲಿ ಬಿಟ್ಟು ಅದರ ಸದ್ದಿನೊಳಗೆ ನುಂಗುತ್ತಿದ್ದಳು, ಹದಿನಾರು ಏಕಾದಶಿ ಹಾಗೆಯೇ ದಾಟಿಸಿದಳು, ಜೀಪಿಗೆ ಬಚ್ಚಲು ಎಲ್ಲಿಂದ ತರುವುದು.

ಗುಳಿಗೆಯ ಮೇಲೆ ಅವಳಿಗೆ ಸಿಟ್ಟಿಲ್ಲ, ಅದನ್ನು ಯಾರೂ ತಪ್ಪು ತಿಳಿಯಬಾರದು, ಆರು ವರ್ಷದ ಹಿಂದೆ ಗದ್ವಾಲದ ತವರಿನಲ್ಲಿ ಅವ್ವ ತೀರಿಹೋದ ಮೇಲೆ ಎರಡು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ್ದವಳನ್ನು ಎಬ್ಬಿಸಿ ಕೂಡಿಸಿದ್ದು ಅದೇ ಗುಳಿಗೆ, ತಲೆ ಬಾಚಿಕೊಳ್ಳಬೇಕು ಅನ್ನಿಸುವ ಹಾಗೆ ಮಾಡಿದ್ದು ಅದೇ, ಸಿಟ್ಟು ಬೇರೆಯದರ ಮೇಲೆ — ಗುಳಿಗೆ ಹಿಡಿದ ಮೇಲಿನ ಮೊದಲ ಏಕಾದಶಿಯಂದೇ ಅತ್ತೆ, ಇವತ್ತೊಂದಿನ ಬಿಡವಾ, ನೀರು ಸುದ್ದಾ ಮುಟ್ಟಬಾರದು, ಒಂದಿನ ಬಿಟ್ರ ಏನಾಗ್ತದ ಅಂದಿದ್ದರು, ಹೌದಲ್ಲ, ಏನಾಗುತ್ತದೆ ಅಂತ ಅವಳೂ ಬಿಟ್ಟಳು, ತಿಂಗಳಿಗೆರಡು ಸಲ ಬಿಟ್ಟಳು, ಡಾಕ್ಟರರಿಗೆ ಹೇಳಬೇಕು ಅಂತ ತೋಚಲೇ ಇಲ್ಲ, ಏಕಾದಶಿ ಮಾಡುತ್ತೇನೆ ಅಂತ ದವಾಖಾನೆಯಲ್ಲಿ ಯಾರು ಹೇಳುತ್ತಾರೆ, ಹಲ್ಲುಜ್ಜುತ್ತೇನೆ ಅಂತ ಹೇಳಿದ ಹಾಗೆ. ದ್ವಾದಶಿ ಬೆಳಗಾದರೆ ನೆಲ ತೇಲುತ್ತಿತ್ತು, ಕಣ್ಣು ಹೊರಳಿಸಿದರೆ ತಲೆಯೊಳಗೆ ತಂತಿ ಮೀಟಿದ ಹಾಗೆ ಝಣ್, ಪಾರಣೆಗೆ ಬಡಿಸುತ್ತ ಬಡಿಸುತ್ತ ಹುಳಿಪಾತ್ರೆ ಹಿಡಿದುಕೊಂಡೇ ಅತ್ತುಬಿಡುತ್ತಿದ್ದಳು, ಬ್ಯಾನಿ ಹೆಚ್ಚಾಗೇದ ಅಂದರು, ಡಾಕ್ಟರು ಒಂದು ಇದ್ದದ್ದನ್ನು ಒಂದೂವರೆ ಮಾಡಿದರು, ಆಗಲೂ ದ್ವಾದಶಿ ಬಿಡಲಿಲ್ಲ. ಕಡೆಗೆ ಗುಟ್ಟು ಬಿಚ್ಚಿದ್ದು ಶಾಲೆಯ ರಜಾ ಪುಸ್ತಕ, ಹೆಡ್‌ಮೇಡಂ ತುಳಸಮ್ಮ ಅದನ್ನು ಮುಂದಿಟ್ಟು, ಏಮಮ್ಮಾ, ಹದಿನೈದು ದಿನಕ್ಕೊಮ್ಮೆ ಬರುವ ಜ್ವರ ಎಂಥದಮ್ಮಾ ನಿನ್ನದು ಎಂದು ಕೇಳಿದಳು, ಶುಭಾ ಲೆಕ್ಕದ ಟೀಚರು, ತಾರೀಖುಗಳನ್ನು ಬರೆದುಕೊಂಡು ಮನೆಗೆ ಬಂದು ಪಂಚಾಂಗ ಬಿಚ್ಚಿದಳು, ದ್ವಾದಶಿ, ದ್ವಾದಶಿ, ದ್ವಾದಶಿ, ಒಂದೂ ತಪ್ಪಿಲ್ಲ, ದೇವರಮನೆಯ ಹೊಸ್ತಿಲ ಹತ್ತಿರ ಕೂತು ಆಗ ನಕ್ಕದ್ದೂ ಅವಳೇ, ಐದು ನಿಮಿಷ ಬಿಟ್ಟು ಪಂಚಾಂಗ ಎತ್ತಿ ಒಗೆಯಬೇಕು ಅನ್ನಿಸಿದ್ದೂ ಅವಳಿಗೇ. ಯಾಕೆಂದರೆ ಅದೇ ಹೊಸ್ತಿಲಾಚೆ ಪ್ರತಿ ಏಕಾದಶಿ ಅವಳು ಕಣ್ಣಾರೆ ಕಂಡದ್ದಿತ್ತು, ತೀರ್ಥ ಒಂದೇ ಉದ್ಧರಣೆ, ನೈವೇದ್ಯ ಇಲ್ಲ, ಆಮೇಲೆ ಮಾವ ಡಬ್ಬಿ ತೆಗೆದು ಬಿಪಿ ಗುಳಿಗೆಯನ್ನು ಅಂಗೈ ಗುಳಿಯಲ್ಲಿಟ್ಟುಕೊಂಡು ಒಂದು ಗುಟುಕು ನೀರಿನೊಂದಿಗೆ ನುಂಗುತ್ತಿದ್ದರು, ಗಂಟಲ ಗುಬುಟು ಮೇಲೆ ಹೋಗಿ ಕೆಳಗಿಳಿಯುತ್ತಿತ್ತು, ಔಷಧಕ್ಕ ದೋಷ ಇಲ್ಲ, ಶಾಸ್ತ್ರದಾಗ ಅದ ಅನ್ನುತ್ತಿದ್ದರು. ಹಾಗಾದರೆ ನಂದು ಅಂತ ಒಮ್ಮೆ ಕೇಳಿದ್ದಳು, ನಿಂದು ಔಷಧ ಅಲ್ಲ, ಮನಸು ಗಟ್ಟಿ ಮಾಡ್ಕೊಂಡ್ರ ಅದು ಯಾಕ ಬೇಕು.

ಮನಸ್ಸು ಗಟ್ಟಿ ಮಾಡಿಕೊಂಡಳು, ಮಾಡಿಕೊಂಡು ರಜಾ ಪುಸ್ತಕದ ನಕಲು, ಪಂಚಾಂಗ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ರಾಯಚೂರಿನ ಡಾಕ್ಟರಮ್ಮನ ಮೇಜಿನ ಮೇಲೆ ಬಿಚ್ಚಿಟ್ಟಳು, ಆಕೆ ಪೆನ್ನು ಕೆಳಗಿಟ್ಟು ತಾರೀಖುಗಳ ಮೇಲೆ ಬೆರಳಾಡಿಸಿ, ಇದು ಬ್ಯಾನಿ ತಿರುಗಿ ಬಂದದ್ದಲ್ಲರೀ, ಗುಳಿಗಿ ಒಮ್ಮೆಲೇ ತಪ್ಪಿದ್ದಕ್ಕ ಮೈ ಮಾಡೋ ಗಲಾಟಿ, ತಿಂಗಳಿಗೆರಡು ಸಲ ನೀವು ಗುಳಿಗಿ ಬಿಟ್ಟು ಬಿಟ್ಟು ಹಿಡದೀರಿ, ನಾನರ ಕೇಳಬೇಕಿತ್ತು, ಕೇಳಲಿಲ್ಲ ಅಂದರು, ಹಾಗೆ ಒಪ್ಪಿಕೊಂಡದ್ದಕ್ಕೇ ಶುಭಾಗೆ ಅವರ ಕಾಲು ಮುಟ್ಟಬೇಕು ಅನ್ನಿಸಿತು. ಬಿಡಬಹುದೇನ್ರಿ ಡಾಕ್ಟರ್, ಬಿಡಬಹುದು, ಆದರ ಬಿಡಬೇಕಂದ್ರ ಮೊದಲು ತಪ್ಪದ ತಗೋಬೇಕು, ದಿನ ಬಿಟ್ಟು ದಿನಾನೂ ಬ್ಯಾಡ್ರಿ, ದಿನಾ ಅದೇ ಹೊತ್ತಿಗೆ, ಸ್ವಲ್ಪ ಸ್ವಲ್ಪ ಇಳಿಸೂಣು, ನಡುವ ತ್ರಾಸಾದ್ರ ನನ್ನ ಕೇಳದ ಏನೂ ಮಾಡಬ್ಯಾಡ್ರಿ. ಮೊದಲು ಎರಡು ತಿಂಗಳು ಒಂದೂವರೆಯನ್ನೇ ಒಂದು ದಿನವೂ ತಪ್ಪದೆ ತೆಗೆದುಕೊಂಡಳು, ದ್ವಾದಶಿ ತೆಪ್ಪಗೆ ಬಂದು ಹೋಯಿತು, ಆಮೇಲೆ ಒಂದು, ಮುಕ್ಕಾಲು, ಅರ್ಧ, ಈಗ ಕಾಲು, ಎಂಟು ತಿಂಗಳು, ಭಾನುವಾರ ಮಧ್ಯಾಹ್ನ ಮನೆ ಮಲಗಿದಾಗ ಅತ್ತೆಯ ಅಡಕೊತ್ತಿನಲ್ಲಿ ವಾರದ್ದನ್ನೆಲ್ಲ ಕತ್ತರಿಸಿಟ್ಟುಕೊಳ್ಳುತ್ತಾಳೆ, ಪುಡೀನೂ ಚೆಲ್ಲಬ್ಯಾಡ್ರಿ, ಇಷ್ಟು ಸಣ್ಣ ಅಳತಿಯೊಳಗ ಪುಡೀನೂ ಲೆಕ್ಕಕ್ಕ ಬರ್ತದ ಅಂದಿದ್ದರು, ಬೆರಳಿಗೆ ಹತ್ತಿದ್ದನ್ನೂ ನೆಕ್ಕುತ್ತಾಳೆ, ಕಹಿ, ಆ ಕಹಿ ಅವಳಿಗೆ ಈಗ ರೂಢಿ. ವಾದೀಂದ್ರನಿಗೆ ಎಲ್ಲ ಗೊತ್ತು, ತಹಸೀಲು ಕಚೇರಿಯಲ್ಲಿ ಊರಿಗೆಲ್ಲ ಕಾಯಿದೆ ಹೇಳುವವನು ಮನೆಯಲ್ಲಿ ಮಾತ್ರ, ಮಾಡ್ಕೋ, ಆದರ ಅಪ್ಪಗ ಗೊತ್ತಾಗೂದು ಬ್ಯಾಡ ಅನ್ನುತ್ತಾನೆ. ಗೊತ್ತಾಗಬಾರದು, ಜೋರಾಗಿ ಮಾತಾಡಬಾರದು, ಸಾರಿಗೆ ಉಪ್ಪು ಹೆಚ್ಚಾದರೂ ಪಾತ್ರೆ ಕೈತಪ್ಪಿ ಸದ್ದಾದರೂ ಒಂದೇ ಪ್ರಶ್ನೆ, ಗುಳಿಗಿ ತಗೊಂಡಿಯಿಲ್ಲೋ — ಏಕಾದಶಿ ದಿನ ಬಿಡು ಅನ್ನುವವರೇ ದ್ವಾದಶಿ ದಿನ ತಗೊಂಡಿಯಿಲ್ಲೋ ಅನ್ನುತ್ತಾರೆ, ಅವಳಿಗೆ ಸಿಟ್ಟು ಬಂದದ್ದು ಸಿಟ್ಟು ಬರುವಂಥ ಕಾರಣ ಇದ್ದದ್ದಕ್ಕೇ ಎಂದು ಈ ಮನೆಯಲ್ಲಿ ಒಬ್ಬರಿಗಾದರೂ ಹೊಳೆಯಲಿಲ್ಲ. ಇನ್ನು ಮೂರು ವಾರ ಕಳೆದರೆ ಡಾಕ್ಟರು ಕೊನೆಯ ಇಳಿತ ಹೇಳುತ್ತಾರೆ, ಇವತ್ತು ತಪ್ಪಿದರೆ ನಾಳೆ ನೆಲ ತೇಲುತ್ತದೆ, ಇಳಿಸಿದ ಗುಟ್ಟು ಹೊರಬೀಳುತ್ತದೆ, ನೋಡು, ಕಡಿಮಿ ಮಾಡಿದ್ದಕ್ಕ ಹೀಂಗಾತು ಅಂತ ಇವರೇ ಒಂದೂವರೆಗೆ ಒಯ್ದು ನಿಲ್ಲಿಸುತ್ತಾರೆ, ಎಂಟು ತಿಂಗಳು ನೀರುಪಾಲು, ಇಲ್ಲ, ಆಗಗೊಡುವುದಿಲ್ಲ.

ಮಕ್ತಲ್ ಬಂತು, ಎಂಟಕ್ಕೆ ಐದೇ ನಿಮಿಷ, ಮಾವಾರ, ಬಸ್‌ಸ್ಟ್ಯಾಂಡಿನ ಹತ್ರ ಸ್ವಲ್ಪ ನಿಲ್ಲಸ್ತೀರೇನು ಎಂದು ಕೇಳಿದಳು, ಈಗ ಎಲ್ಲಿ ನಿಲ್ಲಸೂದು, ಮುದ್ರಾಕ್ಕ ಪಾಳಿ ಬೆಳೀತದ, ಕೃಷ್ಣಾ ದಾಟಿದ ಮ್ಯಾಲ ನೋಡೂಣು. ವಾದೀಂದ್ರ ತಾಯಿಯ ಬೆನ್ನ ಹಿಂದಿನಿಂದ ಕೈ ಚಾಚಿ ಅವಳ ಮೊಣಕೈ ಒತ್ತುತ್ತಾನೆ, ತಡಕೋ ಅಂತ, ತಡೆದುಕೊಂಡದ್ದು ಸಾಲದೇ, ಕಂಬ, ಕಣ್ಣು ಹೊರಳಿಸು, ಇಲ್ಲ, ಕಂಬ — ಅಷ್ಟರಲ್ಲಿ ಮಾವನ ಜೇಬಿನ ಫೋನು ಗಂಟೆ ಬಾರಿಸಿತು, ಎಂಟರ ಗಂಟೆ, ಬಿಪಿಯ ಗಂಟೆ, ಹನುಮಂತು, ಬದೀಗೆ ಹಾಕು ಅಂದರು, ಇಲ್ಲೇನ್ರೀ, ಇಲ್ಲಿ ಬರೇ ಬಯಲು ಐತ್ರಿ, ನೆಳ್ಳಿಲ್ಲ ಅಂದ ಹನುಮಂತು, ಇರಲಿ ಹಾಕು ಅಂದರು, ಹಾಕಿದ. ಅವಳಿಗೆ ನಿಲ್ಲದ ಜೀಪು ನಿಂತಿತು. ಶುಭಾ, ನೀರು ಕೊಡವಾ ಅಂದರು, ಮನೆಯ ಬಾವಿನೀರು ತಂದಿದ್ದ ತಾಮ್ರದ ತಂಬಿಗೆ ಅವಳ ಕಾಲ ಬಳಿಯೇ ಇತ್ತು, ಕೊಟ್ಟಳು, ಅವರು ಎತ್ತಿ ಕುಡಿದರು, ಗಂಟಲ ಗುಬುಟು ಮೇಲೆ ಹೋಯಿತು, ಕೆಳಗಿಳಿಯಿತು, ಯಾರೂ ಏನೂ ಅನ್ನಲಿಲ್ಲ, ಅನ್ನುವುದಕ್ಕೆ ಏನಿದೆ, ಔಷಧ ತಾನೇ, ತಂಬಿಗೆ ತಿರುಗಿ ಅವಳ ಕೈಗೆ ಬಂತು.

ಬಚ್ಚಲ ಕದ, ನಲ್ಲಿಯ ಸದ್ದು, ಹದಿನಾರು ಸಲ ಕಳ್ಳಿಯ ಹಾಗೆ, ಕದ್ದದ್ದಾದರೂ ಏನು, ತನ್ನದೇ ಗುಳಿಗೆ — ಬೆರಳು ಗಂಟಿಗೆ ಹೋಯಿತು, ಈ ಸಲ ಮುಟ್ಟಿ ನೋಡುವುದಕ್ಕಲ್ಲ, ಬಿಚ್ಚಿದಳು, ಅಂಗೈ ಗುಳಿ ಮಾಡಿ ಅದರಲ್ಲಿಟ್ಟುಕೊಂಡಳು, ಮಾವ ಹೊರಳಿ ನೋಡಿದರು, ಏನದು. ಗುಳಿಗಿ. ಯಾವ ಗುಳಿಗಿ. ತಲೀದು, ಮಾವಾರ. ಇವತ್ತ ಪ್ರಥಮೇಕಾದಶಿ, ಮುದ್ರಾಕ್ಕ ಹೊಂಟೀವಿ, ಒಂದಿನ ಬಿಟ್ರ ಏನಾಗ್ತದ. ಏನಾಗುತ್ತದೆ, ಏನಾಗುತ್ತದೆ, ಆರು ವರ್ಷ ಕೇಳಿದ ಪ್ರಶ್ನೆ, ಉತ್ತರ ಅವಳ ಬಾಯಲ್ಲಿ ಮೆಲ್ಲಗೇ ಬಂತು, ದನಿ ಏರಿಸಿದರೆ ಅದನ್ನೂ ಬ್ಯಾನಿ ಅನ್ನುತ್ತಾರೆ ಎಂದಲ್ಲ, ಏರಿಸುವ ಜರೂರು ಕಾಣಲಿಲ್ಲ, ಒಂದಿನ ಬಿಟ್ಟು ಬಿಟ್ಟೇ ಒಂದಿದ್ದದ್ದು ಒಂದೂವರಿ ಆಗಿತ್ರಿ, ಇದನ್ನ ಬಿಡ್ಲಿಕ್ಕೇ ನಾ ಇದನ್ನ ತಗೋತೀನಿ, ನಿಮ್ಮ ಔಷಧಕ್ಕ ದೋಷ ಇಲ್ಲಂದ್ರ ನನ್ನದಕ್ಕೂ ಇಲ್ಲ. ಮಾವನ ಬಾಯಿ ತೆರೆಯಿತು, ಅದು ಔಷಧ ಅಂದರು, ಅಲ್ಲ ಅನ್ನುವ ಮಾತು ಈಚೆ ಬರಲಿಲ್ಲ, ಅವರ ತುಟಿಯ ಮೇಲೆ ಅವರದೇ ನೀರು ಇನ್ನೂ ಒದ್ದೆಯಿತ್ತು, ಹನುಮಂತು ಕನ್ನಡಿಯಲ್ಲಿ ನೋಡುತ್ತಿದ್ದಾನೆ, ನೋಡಲಿ, ವಾದೀಂದ್ರನ ಕೈ ಮೊಣಕೈಯಿಂದ ಯಾವಾಗಲೋ ಜಾರಿದೆ, ಭೀಮಾಬಾಯಿ ಮುಖ ತಿರುಗಿಸದೆ ಹೇಳುತ್ತಾರೆ, ನನ್ನ ಅಡಕೊತ್ತು ಎಂಟು ತಿಂಗಳಿಂದ ಕಹಿ ಆಗೇದ, ತೊಳದಿಡು ಅಂತ ಹೇಳಬೇಕಂದಿದ್ದೆ, ಅಷ್ಟೇ. ಗೊತ್ತಿತ್ತು ಹಾಗಾದರೆ, ಗೊತ್ತಿದ್ದೂ ಸುಮ್ಮನಿದ್ದರು, ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಆಮೇಲೆ ಯೋಚಿಸಿದರಾಯಿತು, ಈಗ ಎಂಟು ದಾಟಿ ಒಂದು ನಿಮಿಷ, ನುಂಗಿದಳು, ತಂಬಿಗೆ ಎತ್ತಿ ಗಟಗಟ ಸದ್ದು ಮಾಡುತ್ತ ಕುಡಿದಳು, ಒಂದು ಗುಟುಕಲ್ಲ, ಮೂರು, ನಾಲ್ಕು, ನೀರು ಗಲ್ಲದಿಂದ ಇಳಿದು ಸೆರಗು ಒದ್ದೆಯಾಯಿತು, ಜೀಪು ಕೆಮ್ಮಿ ಹೊರಟಿತು, ಕಂಬ ಬಂತು ಹೋಯಿತು, ಕಣ್ಣು ಅದರ ಹಿಂದೆ ಹೋಗಲಿಲ್ಲ, ಕಣ್ಣು ಅಂಗೈಯಲ್ಲಿದೆ, ಬಿಚ್ಚಿದ ಅಂಗೈ, ಆಯುಷ್ಯದ ಗೆರೆಯಲ್ಲಿ ಬೆಳ್ಳಗೆ ಒಂದಿಷ್ಟು ಪುಡಿ, ಮಾವ ಇನ್ನೂ ನೋಡುತ್ತಲೇ ಇದ್ದಾರೆ, ಅವರು ನೋಡುತ್ತಿರುವಾಗಲೇ ಅಂಗೈಯನ್ನು ಬಾಯಿಗೆ ತಂದು ನೆಕ್ಕಿದಳು, ಮತ್ತೆ ಬಿಚ್ಚಿ ನೋಡಿದಳು, ಬರೀ ಅಂಗೈ.