ತೊಟ್ಟಿಯ ಹಲಗೆಗೆ ಬೆನ್ನು ಕೊಟ್ಟವರು

ಸ್ನಾನದ ತೊಟ್ಟಿಯ ಪಕ್ಕವನ್ನು ಮುಚ್ಚುವ ಹಲಗೆಯನ್ನು, ಒಳಗಿನ ಪೈಪು ಸೋರಿದರೆ ತೆಗೆಯಲು ಬರಬೇಕೆಂದು, ಅಳಿಯ ಮೊಳೆ ಹೊಡೆಯದೆ ಅಯಸ್ಕಾಂತದಿಂದ ನಿಲ್ಲಿಸಲು ಹೊರಟಿದ್ದ. ಬಡಗಿ ಮಾವನಿಗೆ ಫೋನಿನಲ್ಲಿ, "ಬರಿಗೈಲಿ ಬನ್ನಿ ಮಾವ, ಉಳಿ ಸುತ್ತಿಗೆ ಬೇಡ, ನನ್ನ ಕೆಲ್ಸ ನೋಡಿ ಸಾಕು" ಎಂದು ಜಂಬ ಬೇರೆ ಕೊಚ್ಚಿದ್ದ.

ಹಲಗೆಗೂ ತೊಟ್ಟಿಯ ಚೌಕಟ್ಟಿಗೂ ಅಯಸ್ಕಾಂತ ಅಂಟಿಸಿ, ಅಂಟು ಒಣಗಿದ ಮೇಲೆ ಹಲಗೆ ಇಟ್ಟರೆ, ಚೌಕಟ್ಟು ಅದನ್ನು ಮುನಿದ ದಾಯಾದಿಯಂತೆ ಆಚೆ ತಳ್ಳಿತು. ಅಯಸ್ಕಾಂತಗಳನ್ನು ಉಲ್ಟಾ ಅಂಟಿಸಿದ್ದ! ಅಷ್ಟರಲ್ಲೇ ಮಾವನ ದನಿ ಕೇಳಿಸಿತು. ಮರ್ಯಾದೆ ಉಳಿಸಿಕೊಳ್ಳಲು ಹಲಗೆಗೆ ಬೆನ್ನೊತ್ತಿ ನೆಲದ ಮೇಲೆ ಕುಳಿತುಬಿಟ್ಟ.

"ಏನಳಿಯಂದ್ರೇ, ಇಲ್ಲಿ ಕೂತ್ಬಿಟ್ರಿ?"

"ಇಲ್ಲಿ ತಂಪಾಗಿದೆ ಮಾವ."

"ಏಳಿ, ಹಲಗೆ ನೋಡೋಣ."

"ಸ್ವಲ್ಪ ಬೆವರು ಆರ್ಲಿ."

ಮಾವ ಹಲಗೆಯ ತುದಿಗೆ ಬೆರಳೊತ್ತಿದರು. ಅದು ಬೆರಳನ್ನೇ ನೂಕಿತು. ಮೀಸೆಯಡಿ ನಗುತ್ತಾ ಅವರೂ ಅಳಿಯನ ಪಕ್ಕದಲ್ಲೇ ಬೆನ್ನು ಕೊಟ್ಟು ಕುಳಿತರು.

"ಹೊಸದಾಗಿ ಮದುವೆ ಆದಾಗ ನಿಮ್ಮತ್ತೆಗೆ ಮಾಡ್ಕೊಟ್ಟ ಬೀರು ಬಾಗಿಲು ನಿಲ್ದೆ, ನಾನೂ ಹೀಗೇ ಅದಕ್ಕೆ ಆತ್ಕೊಂಡಿದ್ದೆ. ಉಳಿ ತಂದಿದ್ರೆ ಅಯಸ್ಕಾಂತಾನ ಈಗ್ಲೇ ಕಿತ್ತು ತಿರುಗಿಸ್ಬಹುದಿತ್ತು. ನೀವೇ ಬೇಡ ಅಂದ್ರಿ."

ಆಗ ಅಳಿಯನ ಹೆಂಡತಿ ಸ್ನಾನಕ್ಕೆಂದು ಹೆಗಲಿಗೆ ಟವೆಲು ಹಾಕಿಕೊಂಡು ಬಾಗಿಲಲ್ಲಿ ನಿಂತಳು. "ಅಪ್ಪಾ, ಇವರ ಹಲಗೆ ಗಟ್ಟಿಯಾಗಿ ಕೂತಿದೆಯಾ?"

ಅಳಿಯ ಕಣ್ಣು ಮುಚ್ಚಿಕೊಂಡ.

ಮಾವ ಇನ್ನಷ್ಟು ಒತ್ತಿ ಕುಳಿತರು. "ಬಂಡೆ ಹಾಗಿದೆ ಕಣಮ್ಮ. ನಾವಿಬ್ರು ಏಳೋವರ್ಗೂ ಏನೂ ಆಗಲ್ಲ."